ಹಗ್ಗವೂ ಚುಕ್ಕಾಣಿಯೂ ಮಗುವಿನ ಕೈಯಲ್ಲಿ

ಹಾಯಿದೋಣಿ ಕಲಿಸುವ ಶಾಲೆಗಳಲ್ಲಿ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು, ದೋಣಿಯನ್ನು ಬೇಕೆಂದೇ ಮಗುಚಿಹಾಕುವುದು. ದಡದ ಹತ್ತಿರವೇ, ಲೈಫ್ ಜಾಕೆಟ್ ತೊಟ್ಟ ಒಂಬತ್ತು ವರ್ಷದ ಮಗು ದೋಣಿಯ ಒಂದು ಅಂಚಿಗೆ ಮೈಭಾರವನ್ನೆಲ್ಲ ಹಾಕುತ್ತದೆ. ಹಾಯಿ ಚಟಾರನೆ ನೀರಿಗೆ ಬಡಿಯುತ್ತದೆ. ಮಗು ಮುಳುಗಿ ಮೇಲೆ ಬರುತ್ತದೆ. ಕಣ್ಣು ಮೂಗಿನಲ್ಲೆಲ್ಲ ನೀರು. ಕೋಚ್ ಪಕ್ಕದ ಸೇಫ್ಟಿ ಬೋಟ್‌ನಲ್ಲೇ ಇರುತ್ತಾರೆ, ಆದರೆ ಕೈ ಚಾಚುವುದಿಲ್ಲ.

ಮುಂದೇನು ಮಾಡಬೇಕೆಂದು ದಡದಲ್ಲೇ ಹೇಳಿಕೊಟ್ಟಾಗಿದೆ. ದೋಣಿಯನ್ನು ಬಿಟ್ಟು ಈಜಿ ಹೋಗಬಾರದು. ಹಾಯಿಯ ಹಗ್ಗವನ್ನು ಸಡಿಲ ಬಿಡಬೇಕು. ದೋಣಿಯ ತಳದ ಕಡೆಗೆ ಸುತ್ತಿ ಬಂದು, ಅಲ್ಲಿ ಹೊರಗೆ ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬೀಳಬೇಕು. ಮೊದಲು ದೋಣಿ ಅಲುಗುವುದೇ ಇಲ್ಲ. ನೀರಿನಲ್ಲಿ ನೆನೆದ ಹಾಯಿ ಅಷ್ಟು ಭಾರ. ಮಗು ಹಲಗೆಯ ಮೇಲೆ ಎದೆಯೂರಿ ಇನ್ನಷ್ಟು ಭಾರ ಕೊಟ್ಟಾಗ ಹಾಯಿಯ ತುದಿ ನಿಧಾನವಾಗಿ ನೀರಿನಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ದೋಣಿ ಒಂದೇ ಸಲಕ್ಕೆ ಎದ್ದು ನಿಲ್ಲುತ್ತದೆ. ಅಂಚು ಹಿಡಿದು ಒಳಗೆ ಹತ್ತಿದರೆ ಮೊಣಕಾಲುದ್ದ ನೀರು ತುಂಬಿರುತ್ತದೆ. ಬುಡ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ದೋಣಿಗೆ ಕಟ್ಟಿಟ್ಟಿರುತ್ತಾರೆ. ಅದರಿಂದ ನೀರನ್ನು ಮೊಗೆ ಮೊಗೆದು ಹೊರಗೆ ಚೆಲ್ಲಬೇಕು. ಇಷ್ಟೂ ಆದ ಮೇಲೆ ಮತ್ತೆ ಹಗ್ಗ ಎಳೆದು, ಚುಕ್ಕಾಣಿ ಹಿಡಿದು ಹೊರಡಬೇಕು.

ಈ ಅಭ್ಯಾಸದಿಂದ ಮಗುವಿನ ಭಯ ಪೂರ್ತಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, ನೀರಿನ ಬಗ್ಗೆ ಒಂದಿಷ್ಟು ಭಯ ಇದ್ದರೇ ಒಳ್ಳೆಯದು. ಆದರೆ ಮಗುಚಿದರೆ ಏನು ಗತಿ ಎಂಬ ಪ್ರಶ್ನೆಗೆ ಈಗ ಆ ಮಗುವಿನ ಬಳಿ ಉತ್ತರವಿದೆ. ಅದು ಯಾರೋ ಹೇಳಿದ ಉತ್ತರವಲ್ಲ, ತನ್ನ ಕೈಯಾರೆ ಮಾಡಿ ಕಂಡುಕೊಂಡದ್ದು. ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸುವುದು ಹೇಗೆ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿರುವ ಈ ಕಾಲದಲ್ಲಿ, ಹಾಯಿದೋಣಿಯ ಕಲಿಕೆಯನ್ನು ಗಂಭೀರವಾಗಿ ಗಮನಿಸಬೇಕಾದದ್ದು ಇದಕ್ಕೇ. ಹೊಗಳಿಕೆಯಿಂದ ಬಂದ ವಿಶ್ವಾಸ ಹೊಗಳುವವರು ಎದುರಿಗಿರುವ ತನಕ ಮಾತ್ರ ನಿಲ್ಲುತ್ತದೆ. ಮಾಡಿ ಗೆದ್ದ ವಿಶ್ವಾಸ ಮಗು ಒಂಟಿಯಾಗಿದ್ದಾಗಲೂ ಜೊತೆಗಿರುತ್ತದೆ.

ಮಕ್ಕಳಿಗೆಂದೇ ಹುಟ್ಟಿದ ದೋಣಿ

ಜಗತ್ತಿನ ಬಹುಪಾಲು ಮಕ್ಕಳು ಹಾಯಿ ಹಿಡಿಯಲು ಕಲಿಯುವುದು ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಲ್ಲಿ. ಅದರ ಹುಟ್ಟು 1947ರಲ್ಲಿ, ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ. ಆ ದಿನಗಳಲ್ಲಿ ಅಲ್ಲಿನ ಮಕ್ಕಳು ತಾವೇ ಮಾಡಿಕೊಂಡ ಚಕ್ರದ ಬಂಡಿಗಳನ್ನು ಇಳಿಜಾರಿನಲ್ಲಿ ಬಿಟ್ಟು ಪಂದ್ಯ ಆಡುತ್ತಿದ್ದರು. ಅದೇ ಬಗೆಯ ಪಂದ್ಯವನ್ನು ನೀರಿನ ಮೇಲೆ ಯಾಕೆ ನಡೆಸಬಾರದು ಎಂದು ಮೇಜರ್ ಕ್ಲಿಫರ್ಡ್ ಮೆಕೇ ಅವರಿಗೆ ಅನ್ನಿಸಿತು. ಅದಕ್ಕೆ ತಕ್ಕ ದೋಣಿ ರೂಪಿಸಲು ಒಪ್ಪಿದ, ದೋಣಿ ಕಟ್ಟುವ ಕಸುಬಿನ ಕ್ಲಾರ್ಕ್ ಮಿಲ್ಸ್ ಅವರ ಮುಂದೆ ಎರಡು ಷರತ್ತುಗಳಿದ್ದವು: ಬೆಲೆ 50 ಡಾಲರ್ ಮೀರಬಾರದು, ಎಂಟಡಿ ಉದ್ದದ ಪ್ಲೈವುಡ್ ಹಾಳೆಗಳಲ್ಲೇ ದೋಣಿ ಆಗಬೇಕು. ಮುಂಭಾಗ ಚೂಪಾಗದೆ ಮೊಂಡಾಗಿಯೇ ಉಳಿದ ಚಿಕ್ಕ ದೋಣಿ ಹಾಗೆ ರೂಪುಗೊಂಡಿತು. ನೆರವಾದ ಸ್ಥಳೀಯ ಆಪ್ಟಿಮಿಸ್ಟ್ ಸೇವಾ ಕ್ಲಬ್ಬಿನ ಹೆಸರೇ ಅದಕ್ಕೂ ಬಂತು.

ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಈ ದೋಣಿ ಬಳಕೆಯಲ್ಲಿದೆ. ಉದ್ದ ಸುಮಾರು 2.3 ಮೀಟರ್, ತೂಕ 35 ಕೆ.ಜಿ. ಪಂದ್ಯಗಳಲ್ಲಿ ಇದನ್ನು ನಡೆಸುವುದು 15 ವರ್ಷದವರೆಗಿನ ಮಕ್ಕಳು. ಅಳತೆಗಳಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಇದರಲ್ಲಿ ಕೂರುವುದು ಒಬ್ಬರೇ. ದೊಡ್ಡವರಿಗೆ ಜಾಗವಿಲ್ಲ. ಬಲಗೈ ಯಾವುದಕ್ಕೆ, ಎಡಗೈ ಯಾವುದಕ್ಕೆ ಎಂದು ಪಕ್ಕದಲ್ಲಿ ಕೂತು ತಿದ್ದುವವರಿಲ್ಲ. ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದ ಅಪ್ಪಂದಿರಿಗೆ ಇಲ್ಲಿ ಆ ಅವಕಾಶವೂ ಇಲ್ಲ. ದೋಣಿ ದಡ ಬಿಟ್ಟ ಮೇಲೆ ಹಗ್ಗವೂ ಚುಕ್ಕಾಣಿಯೂ ಮಗುವಿನ ಕೈಯಲ್ಲಿ.

ಗಾಳಿಗೆ ಎದುರಾಗಿ ಹೋಗುವ ಬಗೆ

ಹಾಯಿದೋಣಿಗೆ ಎಂಜಿನ್ ಇಲ್ಲ, ಬ್ರೇಕ್ ಇಲ್ಲ. ಗಾಳಿ ಬೀಸುವ ದಿಕ್ಕಿಗೆ ನೇರ ಎದುರಾಗಿ ಅದು ಹೋಗಲಾರದು. ಎದುರುಗಾಳಿಯ ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗದಲ್ಲಿ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ. ಹೋಗಬೇಕಾದ ಊರು ಗಾಳಿ ಬರುವ ಕಡೆಗೇ ಇದ್ದರೆ, ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ, ಅಂಕುಡೊಂಕಾಗಿ ಸಾಗಬೇಕು. ಹೀಗೆ ಗಾಳಿಗೆ ಮುಖ ಕೊಟ್ಟು ಮಗ್ಗುಲು ಬದಲಿಸುವುದನ್ನು ಟ್ಯಾಕಿಂಗ್ ಎನ್ನುತ್ತಾರೆ. ತಿರುಗುವ ಗಳಿಗೆಯಲ್ಲಿ ಹಾಯಿಯ ಅಡ್ಡಕಂಬ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುತ್ತದೆ. ಮಗು ತಲೆ ತಗ್ಗಿಸಿ, ಅದರಡಿ ನುಸುಳಿ, ಎದುರು ಬದಿಗೆ ಕೂತು, ಹಗ್ಗವನ್ನೂ ಚುಕ್ಕಾಣಿಯನ್ನೂ ಕೈ ಬದಲಿಸಿಕೊಳ್ಳಬೇಕು. ಜೊತೆಗೆ, ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಮೊದಲು ಎಲ್ಲ ಮಕ್ಕಳೂ ಇಲ್ಲಿ ತಬ್ಬಿಬ್ಬಾಗುತ್ತಾರೆ.

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದರ ಗುರುತು ಕಾಣುತ್ತದೆ. ಹಾಯಿಗೆ ಅಂಟಿಸಿದ ಉಲ್ಲನ್ ನೂಲಿನ ಎರಡು ಎಳೆಗಳು ನೇರವಾಗಿ ಹಿಂದಕ್ಕೆ ಹರಿಯುತ್ತಿದ್ದರೆ ಹಾಯಿ ಸರಿಯಾಗಿ ಹಿಡಿದಿದೆ ಎಂದರ್ಥ. ಎಳೆ ಮೇಲಕ್ಕೆ ಕುಣಿದರೆ ಏನೋ ತಪ್ಪಿದೆ. ದೂರದ ನೀರಿನ ಮೇಲೆ ಕಪ್ಪು ಮಚ್ಚೆಯಂತೆ ಕಿರುತೆರೆಗಳು ಓಡಿ ಬಂದರೆ ಜೋರು ಗಾಳಿ ಬರುತ್ತಿದೆ. ಅದು ತಲುಪುವ ಮೊದಲೇ ಪಾದಗಳನ್ನು ದೋಣಿಯೊಳಗಿನ ಪಟ್ಟಿಗೆ ಸಿಕ್ಕಿಸಿ, ಮೈಯನ್ನು ದೋಣಿಯಿಂದಾಚೆಗೆ ಬಾಗಿಸಿ ಸಿದ್ಧವಾಗಬೇಕು. ಕೆಲವು ವಾರಗಳಲ್ಲಿ ಮಕ್ಕಳು ಇದನ್ನೆಲ್ಲ ಓದಲು ಕಲಿಯುತ್ತಾರೆ. ಅಲ್ಲಿಯವರೆಗೆ ದಡದ ಮರದ ಎಲೆಯನ್ನೂ ಗಮನಿಸದಿದ್ದ ಮಗು, ಕಟ್ಟಡದ ಮೇಲಿನ ಬಾವುಟ ಯಾವ ಕಡೆ ಹಾರುತ್ತಿದೆ, ಮೋಡ ಯಾವ ಕಡೆ ಸಾಗುತ್ತಿದೆ ಎಂದು ನೋಡತೊಡಗುತ್ತದೆ.

ಈ ಕಲಿಕೆಯ ವಿಶೇಷವೆಂದರೆ, ಮಗುವಿನ ಪ್ರತಿ ನಿರ್ಧಾರಕ್ಕೂ ನೀರು ಆಗಲೇ ಉತ್ತರ ಕೊಡುತ್ತದೆ. ಹಗ್ಗ ಹೆಚ್ಚು ಎಳೆದರೆ ದೋಣಿ ವಾಲುತ್ತದೆ, ಸಡಿಲ ಬಿಟ್ಟರೆ ನಿಧಾನವಾಗುತ್ತದೆ. ಅಂಕಪಟ್ಟಿ ಬರುವ ತನಕ ಕಾಯಬೇಕಿಲ್ಲ. ಗಾಳಿಗೆ ಯಾರ ಮೇಲೂ ಪಕ್ಷಪಾತವಿಲ್ಲ. ಮಗು ಯಾವ ಶಾಲೆಯದು, ಅಪ್ಪನಿಗೆ ಯಾವ ಕೆಲಸ, ಮನೆಮಾತು ಯಾವುದು ಎಂಬುದೊಂದೂ ಹಾಯಿಗೆ ಲೆಕ್ಕಕ್ಕಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಬಿದ್ದ ಮಕ್ಕಳು ಇಲ್ಲಿ ತಲೆಯೆತ್ತಿ ನಿಲ್ಲಲು ಇದೂ ಒಂದು ಕಾರಣ.

ನನ್ನಿಂದ ಆಗುತ್ತದೆ ಎಂಬ ನಂಬಿಕೆ

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತವೊಂದು ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ಒಂದು ನಿರ್ದಿಷ್ಟ ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ ಮನುಷ್ಯನಲ್ಲಿ ನಾಲ್ಕು ದಾರಿಯಿಂದ ಬೆಳೆಯುತ್ತದೆ ಎಂದರು ಅವರು. ಮೊದಲನೆಯದು, ತಾನೇ ಮಾಡಿ ಯಶಸ್ಸು ಕಂಡದ್ದು. ಎರಡನೆಯದು, ತನ್ನಂಥವರೇ ಮಾಡಿದ್ದನ್ನು ನೋಡಿದ್ದು. ಮೂರನೆಯದು, ನಂಬಿಕಸ್ಥರ ಪ್ರೋತ್ಸಾಹದ ಮಾತು. ನಾಲ್ಕನೆಯದು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಮುಂತಾದ ತನ್ನದೇ ಮೈಯ ಸೂಚನೆಗಳನ್ನು ಅರ್ಥ ಮಾಡಿಕೊಳ್ಳುವ ಬಗೆ. ನಾಲ್ಕರಲ್ಲಿ ಹೆಚ್ಚು ಬಲವಾದದ್ದು ಮೊದಲನೆಯದು ಎಂಬುದು ಬಂಡೂರಾ ಅವರ ಅಭಿಪ್ರಾಯ.

ನಮ್ಮ ಮನೆ, ಶಾಲೆಗಳಲ್ಲಿ ಮೂರನೆಯದೇ ಹೆಚ್ಚು. ‘ನೀನು ಮಾಡ್ತೀಯ ಪುಟ್ಟ, ಹೆದರಬೇಡ’ ಎನ್ನುತ್ತೇವೆ. ಮಾಡಿ ನೋಡುವ ಜಾಗ ಮಾತ್ರ ಕೊಡುವುದಿಲ್ಲ. ಹಾಯಿದೋಣಿಯಲ್ಲಿ ನಾಲ್ಕೂ ಒಟ್ಟಿಗೆ ಸಿಗುತ್ತವೆ. ಮಗುಚಿದ ದೋಣಿಯನ್ನು ಎತ್ತಿ ನಿಲ್ಲಿಸಿದ್ದು ಸ್ವಂತ ಗೆಲುವು. ತನಗಿಂತ ಒಂದೇ ವರ್ಷ ದೊಡ್ಡ ಹುಡುಗಿ ಜೋರು ಗಾಳಿಯಲ್ಲಿ ಸಲೀಸಾಗಿ ತಿರುವು ತೆಗೆದುಕೊಂಡದ್ದನ್ನು ಕಂಡದ್ದು ಎರಡನೆಯ ಪಾಠ. ಗಾಳಿ ಏರಿದಾಗ ಎದೆ ಡವಗುಟ್ಟುವುದು ಓಡಿಹೋಗಲು ಬಂದ ಸೂಚನೆ ಅಲ್ಲ, ಎಚ್ಚರವಾಗಲು ಬಂದ ಸೂಚನೆ ಎಂದು ಮಗು ನಿಧಾನವಾಗಿ ಅರಿಯುತ್ತದೆ.

ಸಮುದ್ರ ಮತ್ತು ಮನೋಬಲದ ನಂಟನ್ನು ಶಿಕ್ಷಣದ ಮಾತಾಗಿಸಿದವರಲ್ಲಿ ಕರ್ಟ್ ಹಾನ್ ಪ್ರಮುಖರು. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಬಂಧನಕ್ಕೊಳಗಾಗಿ, ಬಳಿಕ ಜರ್ಮನಿ ಬಿಟ್ಟು ಬ್ರಿಟನ್ ಸೇರಿದ ಶಿಕ್ಷಕ ಅವರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕು ಹಡಗುಗಳು ಟಾರ್ಪೆಡೊ ಏಟಿಗೆ ಮುಳುಗುತ್ತಿದ್ದಾಗ, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರನ್ನು ಒಂದು ಸಂಗತಿ ಕಾಡಿತು. ಜೀವರಕ್ಷಕ ದೋಣಿಗಳಲ್ಲಿ ಗಟ್ಟಿಮುಟ್ಟಾದ ತರುಣ ನಾವಿಕರು ಬೇಗ ಕೈಚೆಲ್ಲುತ್ತಿದ್ದರು, ಹಾಯಿಹಡಗುಗಳ ಕಾಲದಲ್ಲಿ ಪಳಗಿದ ಹಿರಿಯರು ತಡೆದುಕೊಳ್ಳುತ್ತಿದ್ದರು ಎಂಬುದು ಅವರ ಗ್ರಹಿಕೆ. ಹಿರಿಯರಲ್ಲಿದ್ದದ್ದು ತೋಳ್ಬಲವಲ್ಲ, ಇಂಥ ಕಷ್ಟವನ್ನು ಹಿಂದೆಯೂ ದಾಟಿದ್ದೇನೆ ಎಂಬ ನೆನಪು. ಆ ನೆನಪನ್ನು ಎಳೆಯರಿಗೂ ಕಟ್ಟಿಕೊಡಲೆಂದು ಹೋಲ್ಟ್ ಅವರ ನೆರವಿನಿಂದ ಹಾನ್ 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಶಾಲೆ ತೆರೆದರು. ಔಟ್‌ವರ್ಡ್ ಬೌಂಡ್ ಎಂಬ ಜಗತ್ಪ್ರಸಿದ್ಧ ಚಳವಳಿ ಶುರುವಾದದ್ದು ಅಲ್ಲಿಂದ.

ತನ್ನ ತಪ್ಪಿಗೆ ತಾನೇ ಸುತ್ತು ಹಾಕುವ ಆಟ

ಪಂದ್ಯದ ಹಂತಕ್ಕೆ ಬಂದ ಮಕ್ಕಳಿಗೆ ಇನ್ನೊಂದು ಪಾಠ ಕಾದಿರುತ್ತದೆ. ಹತ್ತಾರು ದೋಣಿಗಳು ಒಟ್ಟಿಗೆ ಸಾಗುವ ನೀರಿನ ಮೇಲೆ ಪ್ರತಿ ದೋಣಿಯ ಪಕ್ಕದಲ್ಲೂ ರೆಫ್ರಿ ಇರಲು ಸಾಧ್ಯವಿಲ್ಲ. ನಿಯಮ ಪಾಲಿಸುವುದು ಸ್ಪರ್ಧಿಗಳದೇ ಹೊಣೆ. ಎಡಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿ, ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಹಕ್ಕಿರುವ ಮಗು ‘ಸ್ಟಾರ್‌ಬೋರ್ಡ್!’ (ಬಲಬದಿ) ಎಂದು ಗಟ್ಟಿಯಾಗಿ ಕೂಗುತ್ತದೆ. ಮನೆಗೆ ಬಂದ ನೆಂಟರ ಎದುರು ಬಾಯಿ ಬಿಡದ ಮಗುವೂ ಇಲ್ಲಿ ಕೂಗಲೇಬೇಕು, ಇಲ್ಲದಿದ್ದರೆ ಡಿಕ್ಕಿಯಾಗುತ್ತದೆ. ತಪ್ಪು ಮಾಡಿದ ಮಗು, ಯಾರೂ ಶಿಕ್ಷೆ ಕೊಡುವ ಮೊದಲೇ, ಪಂದ್ಯದ ನಡುವೆ ಬದಿಗೆ ಸರಿದು ದೋಣಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಅಷ್ಟರಲ್ಲಿ ನಾಲ್ಕಾರು ದೋಣಿಗಳು ಮುಂದಾಗಿರುತ್ತವೆ. ತಪ್ಪಿಗೆ ಬೆಲೆ ತೆತ್ತರೆ ಅಲ್ಲಿಗೆ ಮುಗಿಯಿತು. ಮತ್ತೆ ಪಂದ್ಯಕ್ಕೆ ಮರಳಬಹುದು. ತಪ್ಪನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದೇ ಹಗುರ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಆಟಗಳು ಕಡಿಮೆ.

ಜಗಳ ಬಗೆಹರಿಯದಿದ್ದರೆ ದಡಕ್ಕೆ ಬಂದ ಮೇಲೆ ವಿಚಾರಣೆ. ತೀರ್ಪುಗಾರರ ಎದುರು, ಮೇಜಿನ ಮೇಲೆ ಬೆರಳುದ್ದದ ಆಟಿಕೆ ದೋಣಿಗಳನ್ನು ಸರಿಸುತ್ತಾ, ನಾನು ಇಲ್ಲಿದ್ದೆ, ಅವನು ಇಲ್ಲಿಂದ ಬಂದ, ಗಾಳಿ ಈ ಕಡೆಯಿಂದ ಇತ್ತು ಎಂದು ಮಗು ವಿವರಿಸಬೇಕು. ಎದುರಾಳಿಯ ಮಾತನ್ನೂ ತಾಳ್ಮೆಯಿಂದ ಕೇಳಬೇಕು. ತೀರ್ಪು ತನ್ನ ವಿರುದ್ಧ ಬಂದರೂ ಒಪ್ಪಬೇಕು.

ಈ ಕ್ರೀಡೆಯ ನಿಯಮಪುಸ್ತಕದ ಮೊದಲ ನಿಯಮವೇ, ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವು ನೀಡಬೇಕು ಎಂಬುದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ತಮ್ಮ ಪಂದ್ಯದಲ್ಲಿ ಎರಡನೇ ಸ್ಥಾನದಲ್ಲಿದ್ದರು. ಬಿರುಗಾಳಿಗೆ ಸಿಂಗಪುರದ ಇಬ್ಬರು ನಾವಿಕರ ದೋಣಿ ಮಗುಚಿದ್ದನ್ನು ಕಂಡು ಪಂದ್ಯ ಬಿಟ್ಟು ಅವರತ್ತ ತಿರುಗಿದರು. ಅವರನ್ನು ಕಾಪಾಡಿ, ರಕ್ಷಣಾ ದೋಣಿ ಬರುವ ತನಕ ಕಾದರು. ಆ ಪಂದ್ಯಕ್ಕೆ ಅವರ ಎರಡನೇ ಸ್ಥಾನವನ್ನೇ ಉಳಿಸಿಕೊಡಲಾಯಿತು. ಪದಕ ಅವರಿಗೆ ಸಿಗಲಿಲ್ಲ, ಪಿಯರ್ ದ ಕುಬರ್ತೆ ಹೆಸರಿನ ಗೌರವ ಸಂದಿತು. ಹಾಯಿ ಕಲಿಯುವ ಮಕ್ಕಳಿಗೆ ಹೇಳಲೇಬೇಕಾದ ಕಥೆ ಇದು. ತನ್ನ ಮೇಲಿನ ವಿಶ್ವಾಸ ಇನ್ನೊಬ್ಬರ ಕಷ್ಟಕ್ಕೆ ಒದಗಿದಾಗ ಅದಕ್ಕೊಂದು ಘನತೆ ಬರುತ್ತದೆ.

ನಾನು ಯಾರು?

ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಮಕ್ಕಳು ‘ನನಗೆ ಏನು ಮಾಡಲು ಬರುತ್ತದೆ’ ಎಂದು ಹುಡುಕುತ್ತಾರೆ, ಹದಿಹರೆಯದಲ್ಲಿ ‘ನಾನು ಯಾರು’ ಎಂದು ಕೇಳಿಕೊಳ್ಳುತ್ತಾರೆ ಎಂಬುದು ಮನಃಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಅವರ ವಿವರಣೆಯ ಸಾರ. ಮೊದಲ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ ಮಗುವಿಗೆ ಎರಡನೆಯದನ್ನು ಎದುರಿಸುವುದು ಸುಲಭವಾಗುತ್ತದೆ. ನಮ್ಮಲ್ಲಿ ಎರಡನೆಯ ಪ್ರಶ್ನೆಗೆ ಮಗು ಉತ್ತರ ಹುಡುಕುವ ಮೊದಲೇ ಇತರರು ಉತ್ತರ ಕೊಟ್ಟುಬಿಡುತ್ತಾರೆ: ಇಂಥವರ ಮಗಳು, ಇಂಥ ಜಾತಿಯವಳು, ಇಷ್ಟು ಪರ್ಸೆಂಟ್ ತೆಗೆದವಳು. ನೀರಿನ ಮೇಲೆ ಗಳಿಸಿದ ಗುರುತು ಇವುಗಳ ಪಕ್ಕದಲ್ಲಿ, ಕೆಲವೊಮ್ಮೆ ಇವುಗಳಿಗಿಂತ ಮೇಲೆ, ಮಗುವಿನ ಸ್ವಂತದ್ದಾಗಿ ನಿಲ್ಲುತ್ತದೆ.

ಅಂಥ ಗುರುತಿಗೆ ಉದಾಹರಣೆಗಳು ನಮ್ಮಲ್ಲೇ ಇವೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹುಡುಗಿಯರ ಐಎಲ್‌ಸಿಎ-4 ದೋಣಿ ವಿಭಾಗದ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತ ಕುಟುಂಬದವರು. ಸಮುದ್ರ ಅಲ್ಲಿಂದ ಬಹುದೂರ. ಅವರು ಪಳಗಿದ್ದು ಭೋಪಾಲದ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ, ರಾಜಾ ಭೋಜ ಕಟ್ಟಿಸಿದನೆಂಬ ಪ್ರತೀತಿಯಿರುವ ದೊಡ್ಡ ಕೆರೆಯ ನೀರಿನಲ್ಲಿ. 2018ರ ಜಕಾರ್ತಾ ಕೂಟದಲ್ಲಿ ಕಂಚು ಗೆದ್ದಾಗ ಹದಿನಾರರ ಹುಡುಗಿಯಾಗಿದ್ದ ಹರ್ಷಿತಾ ತೋಮರ್ ಕೂಡ ಅದೇ ರಾಜ್ಯದವರು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸುಹೇಮ್ ಶೇಖ್ 2009ರಲ್ಲಿ ಆರಂಭಿಸಿದ ಯಾಟ್ ಕ್ಲಬ್, ಬಡ ಕುಟುಂಬಗಳ, ಸರ್ಕಾರಿ ಶಾಲೆಗಳ ಮಕ್ಕಳನ್ನು ಹುಡುಕಿ ತಂದು ಹಾಯಿ ಹಿಡಿಸುತ್ತಿದೆ. ಸಿರಿವಂತರ ಹವ್ಯಾಸವೆಂದು ಬಹುಕಾಲ ಹೆಸರಾಗಿದ್ದ ಕ್ರೀಡೆಯಲ್ಲಿ ಕೂಲಿ ಮಾಡುವವರ, ಚಿಕ್ಕಪುಟ್ಟ ವ್ಯಾಪಾರದವರ ಮಕ್ಕಳು ರಾಷ್ಟ್ರಮಟ್ಟದ ಪದಕಗಳಿಗೆ ಕೊರಳೊಡ್ಡಿದ್ದಾರೆ.

ಒಲಿಂಪಿಕ್ಸ್ ಸೇಲಿಂಗ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ ನೇತ್ರಾ ಕುಮಾನನ್ ಈ ಕ್ರೀಡೆಯನ್ನು ಮೊದಲು ಕಂಡದ್ದು ಚೆನ್ನೈನ ಬೇಸಿಗೆ ಶಿಬಿರವೊಂದರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವರುಣ್ ಠಕ್ಕರ್ ಜೊತೆ ಸ್ಪರ್ಧಿಸಿದ, ಅದಕ್ಕೂ ಮುಂಚೆ 2018ರ ಏಷ್ಯನ್ ಕೂಟದಲ್ಲಿ ಕಂಚು ಗೆದ್ದ ಕೇಳಪಂಡ ಚೆಂಗಪ್ಪ ಗಣಪತಿ ಕೊಡವ ಮೂಲದವರು. ಅವರ ಹಾಯಿ ಬಿಚ್ಚಿಕೊಂಡದ್ದೂ ಚೆನ್ನೈ ಕಡಲಲ್ಲಿ. ಇವರೆಲ್ಲರ ಬೆನ್ನಿಗೆ ಪ್ರತಿಭೆ ಇತ್ತು, ಹಟ ಇತ್ತು. ಅದಕ್ಕೂ ಮೊದಲು, ಕೈಗೆಟುಕುವ ದೂರದಲ್ಲಿ ಒಂದು ನೀರು, ಒಂದು ದೋಣಿ, ಕಲಿಸುವ ಒಬ್ಬರು ಇದ್ದರು.

ನಮ್ಮ ನೀರು, ನಮ್ಮ ಮಕ್ಕಳು

ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೂ ಉದ್ದ. ಎಂಜಿನ್ ಬರುವ ಮುನ್ನ ಇಲ್ಲಿನ ಬಂದರುಗಳಿಂದ ಪತ್ತೆಮಾರಿ, ಮಂಜಿಗಳು ಹಾಯಿ ಬಿಚ್ಚಿ ಸರಕು ಸಾಗಿಸುತ್ತಿದ್ದವು. ಯಾವ ತಿಂಗಳಲ್ಲಿ ಯಾವ ದಿಕ್ಕಿನ ಗಾಳಿ ಎಂಬುದನ್ನು ಅರೆದು ಕುಡಿದ ತಲೆಮಾರುಗಳು ಇಲ್ಲಿ ಬಾಳಿವೆ. ಒಳನಾಡಿನಲ್ಲಿ ಕೆರೆಗಳಿವೆ, ಜಲಾಶಯಗಳಿವೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಆಶ್ರಯದಲ್ಲಿ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. 1985–87ರಲ್ಲಿ ಸೇನೆಯ ಎಂಜಿನಿಯರುಗಳು ಭೂಮಿಗೆ ಒಂದು ಸುತ್ತು ಬಂದ ಹಾಯಿದೋಣಿಯ ಹೆಸರೂ ತೃಷ್ಣಾ. ಇಷ್ಟಿದ್ದೂ ಮಲ್ಪೆಯ, ಕಾರವಾರದ ಸರ್ಕಾರಿ ಶಾಲೆಯ ಸಾಮಾನ್ಯ ಮಗುವಿಗೆ ಹಾಯಿ ಹಿಡಿಯುವ ಅವಕಾಶ ಇಂದಿಗೂ ದೂರವೇ.

ಅಡ್ಡಿಗಳು ನಿಜವಾದವು. ದೋಣಿ ದುಬಾರಿ. ಹಲವು ಕೆರೆಗಳ ನೀರು ಮುಟ್ಟುವ ಸ್ಥಿತಿಯಲ್ಲಿಲ್ಲ. ನೀರೆಂದರೆ ಹೆತ್ತವರಿಗೆ ಭಯ. ಪ್ರತಿ ಬೇಸಿಗೆ ರಜೆಯಲ್ಲೂ ಮಕ್ಕಳು ನೀರುಪಾಲಾದ ಸುದ್ದಿ ಓದುವ ನಾಡಿನಲ್ಲಿ ಆ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಸುದ್ದಿಗಳು ಹೇಳುವುದು, ಮಕ್ಕಳನ್ನು ನೀರಿನಿಂದ ದೂರ ಇಟ್ಟು ಕಾಪಾಡಲಾಗದು ಎಂಬುದನ್ನೇ. ಕಣ್ಣುತಪ್ಪಿಸಿ ಹೊಂಡಕ್ಕೆ ಇಳಿಯುವ ಮಗುವಿಗೆ ಈಜು ಗೊತ್ತಿರುವುದಿಲ್ಲ, ಲೈಫ್ ಜಾಕೆಟ್ ಇರುವುದಿಲ್ಲ, ಪಕ್ಕದಲ್ಲಿ ಸೇಫ್ಟಿ ಬೋಟ್ ಇರುವುದಿಲ್ಲ. ಸರಿಯಾದ ಶಾಲೆಯಲ್ಲಿ ಈ ಮೂರೂ ಇರುತ್ತವೆ. ಹೆತ್ತವರು ಮೊದಲು ಕೇಳಬೇಕಾದದ್ದೂ ಇವನ್ನೇ.

ಇನ್ನೊಂದು ಎಚ್ಚರಿಕೆ ದೊಡ್ಡವರಿಗೇ ಸಲ್ಲಬೇಕು. ದೋಣಿ ಹತ್ತಿಸಿದ ಮಾತ್ರಕ್ಕೆ ಮಗು ಗಟ್ಟಿಯಾಗುವುದಿಲ್ಲ. ತಯಾರಿಲ್ಲದ ಮಗುವನ್ನು ಜೋರು ಗಾಳಿಗೆ ದೂಡಿದರೆ ಉಳಿಯುವುದು ಭಯವೊಂದೇ. ದಡದಲ್ಲಿ ನಿಂತು ಕೂಗಾಡಿದರೆ, ಪಂದ್ಯ ಮುಗಿದೊಡನೆ ‘ಎಷ್ಟನೇ ಸ್ಥಾನ?’ ಎಂದು ಕೇಳಿದರೆ ಹಾಯಿದೋಣಿಯೂ ಇನ್ನೊಂದು ಟ್ಯೂಷನ್ ಆಗುತ್ತದೆ. ಒಳ್ಳೆಯ ಕೋಚ್‌ಗಳು ಕೇಳುವ ಪ್ರಶ್ನೆಗಳು ಬೇರೆ: ಗಾಳಿ ತಿರುಗಿದ್ದನ್ನು ಯಾವಾಗ ಗಮನಿಸಿದೆ? ಆಗ ಏನು ಮಾಡಿದೆ? ಮುಂದಿನ ಸಲ ಏನು ಬದಲಿಸುತ್ತೀ? ನೀರಿನ ಮೇಲಿನ ಅನುಭವ ಬದುಕಿನ ತಿಳಿವಳಿಕೆಯಾಗಿ ಮಾಗುವುದು ಇಂಥ ಮಾತುಕತೆಯಲ್ಲಿ. ಗಣಿತದ ಲೆಕ್ಕ ಬಾರದಿದ್ದಾಗ, ಗೆಳತಿಯೊಡನೆ ಮುನಿಸಾದಾಗ, ‘ದಾರಿ ನೇರ ಇಲ್ಲದಿದ್ದರೆ ಓರೆಯಾಗಿ ಹೋಗಿ ನೋಡೋಣ’ ಎಂದು ಮಗುವಿಗೆ ಹೊಳೆಯಲು ಯಾರಾದರೂ ಆ ನಂಟನ್ನು ತೋರಿಸಿಕೊಡಬೇಕು.

ಭೋಪಾಲ, ಹೈದರಾಬಾದುಗಳು ತೋರಿಸಿಕೊಟ್ಟಂತೆ ಇದಕ್ಕೆ ಕಡಲೇ ಬೇಕೆಂದಿಲ್ಲ. ಒಂದು ಶುದ್ಧ ಕೆರೆ, ಐದಾರು ಆಪ್ಟಿಮಿಸ್ಟ್ ದೋಣಿ, ಒಂದು ಸೇಫ್ಟಿ ಬೋಟ್, ತರಬೇತಾದ ಇಬ್ಬರು ಕೋಚ್‌ಗಳು ಇದ್ದರೆ ಒಂದು ತಾಲ್ಲೂಕಿನ ಹತ್ತಾರು ಶಾಲೆಗಳ ಮಕ್ಕಳು ಸರದಿಯಲ್ಲಿ ಕಲಿಯಬಹುದು. ಕರಾವಳಿಯ ಮೀನುಗಾರ ಹಿರಿಯರ ಗಾಳಿಯ ತಿಳಿವಳಿಕೆಯೂ ಆ ಪಾಠದಲ್ಲಿ ಸೇರಬಹುದು. ಜಿಲ್ಲಾ ಪಂಚಾಯಿತಿ, ಕ್ರೀಡಾ ಇಲಾಖೆ, ಕೈಗಾರಿಕೆಗಳು ಜೊತೆಯಾದರೆ ಹಣ ಹೊಂದಿಸುವುದು ಅಸಾಧ್ಯವಲ್ಲ. ಕೆರೆಯನ್ನು ಶುದ್ಧವಾಗಿ ಇಟ್ಟುಕೊಳ್ಳಲು ಊರಿಗೆ ಇದಕ್ಕಿಂತ ಒಳ್ಳೆಯ ಕಾರಣವೂ ಸಿಗದು. ಅಲ್ಲಿಂದ ಪದಕ ಬರಬಹುದು, ಬಾರದಿರಬಹುದು. ಮಗುಚಿದ್ದನ್ನು ತಾನೇ ಎತ್ತಿ ನಿಲ್ಲಿಸಬಲ್ಲೆ ಎಂದು ಅನುಭವದಿಂದ ಬಲ್ಲ ಮಕ್ಕಳಂತೂ ಬರುತ್ತಾರೆ. ನಾಳೆ ಅವರು ಯಾವ ಕೆಲಸಕ್ಕೆ ಹೋದರೂ ಆ ಅರಿವು ಅವರ ಜೊತೆಗಿರುತ್ತದೆ.